ಮೆಟ್ಟಿಲ ನಡುವಿನ ಎರಡು ಕೇಬಲ್

"ತಾನಾಗಿ ಕಳಚಿಕೊಂಡಿದ್ದಲ್ಲ ಮೇಡಂ. ಯಾರೋ ಬೇಕಂತಲೇ ತೆಗೆದಿದ್ದಾರೆ. ಎರಡನ್ನೂ."

ನೆಟ್‌ವರ್ಕಿನವನು ಟಾರ್ಚು ಆರಿಸಿ ತಿರುಗಿದ. ಮೆಟ್ಟಿಲ ನಡುವಿನ ಗೂಡಿನಂಥ ಕೋಣೆ ಅದು. ಬಾಗಿಲ ಎಡಕ್ಕೆ ಅಕ್ಕ, ಬಲಕ್ಕೆ ತಂಗಿ. ಇಬ್ಬರ ನಡುವೆ, ಯಾವ ಕಡೆ ವಾಲಿದರೂ ಕಷ್ಟ ಎಂಬಂತೆ, ಪ್ರೂಫ್ ನೋಡುವ ಹಿರಿಯರು.

"ಎರಡನ್ನೂ?" ಎಂದಳು ಅಕ್ಕ.

"ಎರಡನ್ನೂನಾ?" ಎಂದಳು ತಂಗಿ.

ಹಸಿರು ಜಗಳವಾದ ಮೇಲೆ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಇದೇ ಮೊದಲು.

ಪ್ರೆಸ್ಸು ಇಬ್ಬರದೂ. ಕೆಳಗೆ ಮುದ್ರಣ, ಅಕ್ಕನದು. ಮುಂಗೈಗೆ ಸದಾ ನಾಲ್ಕು ರಬ್ಬರ್ ಬ್ಯಾಂಡು ಏರಿಸಿಕೊಂಡಿರುವ ಹೆಂಗಸು. ಕಾಗದದ ಚೂರನ್ನೂ ಸುತ್ತಿ ಎತ್ತಿಡುತ್ತಾಳೆ. ಮೇಲೆ ವಿನ್ಯಾಸ, ತಂಗಿಯದು. ಅವಳು ಡ್ರಾಯರ್ ಎಳೆದರೆ ಹಿಡಿ ಕೈಗೇ ಬರುತ್ತದೆ. ಒಂದು ಸೋಪಿನ ಪೊಟ್ಟಣಕ್ಕೆ ತಂಗಿ ಎಳೆ ಹಸಿರು ಕೊಟ್ಟಳು. ಅಕ್ಕ ಕೇಳದೆ ಒಂದು ಪಟ್ಟು ಗಾಢ ಮಾಡಿ ಅಚ್ಚು ಹಾಕಿದಳು. "ಬಣ್ಣ ನಿನಗೇನು ಗೊತ್ತು?" "ಮಷೀನು ನಿನಗೇನು ಗೊತ್ತು?" ಅಷ್ಟೇ. ಅಲ್ಲಿಂದ ಮಾತು ಬಂದ್.

ಆಮೇಲೆ ಅವರ ಮಾತುಗಳೆಲ್ಲ ಪ್ರೂಫಿನವರ ಕಾಲಿನ ಮೇಲೆ ಓಡಾಡಿದವು. ಅವರು ಒಂದೊಂದು ಪದಕ್ಕೂ ನಿಂತು ಮಾತಾಡುವವರು, ಹಾಗಾಗಿ ಎಲ್ಲರೂ ಕರೆಯುವುದು ಅಲ್ಪವಿರಾಮ ಅಂತ. ಮೆಟ್ಟಿಲು ಹತ್ತಿ ಇಳಿದು ಈಗ ಉಸಿರಿಗೂ ಅಲ್ಪವಿರಾಮ ಬಂದಿತ್ತು. ಅವರ ಮೂಲಕವೇ ಇನ್ನೊಂದು ತೀರ್ಮಾನವೂ ಆಗಿತ್ತು: ಪ್ರೆಸ್ಸು ಎರಡಾಗಲಿ. ಸೋಮವಾರ ನೆಟ್‌ವರ್ಕಿನವನು ಬಂದು ಮೇಲಿನ ಕಂಪ್ಯೂಟರ್ ಜಾಲವನ್ನು ಮೇಲಕ್ಕೆ, ಕೆಳಗಿನದನ್ನು ಕೆಳಕ್ಕೆ ಬೇರೆ ಮಾಡಬೇಕು.

ಇವತ್ತು ಶುಕ್ರವಾರ. ಬೆಳಿಗ್ಗೆಯೇ ಎಲ್ಲ ನಿಂತುಹೋಯಿತು. ಅವನನ್ನು ಕರೆಸಿದರು, ಅವನ ಹಳೇ ಶರತ್ತಿನಂತೆ ಇಬ್ಬರೂ ಬಂದು ನಿಂತರು. ಹಿಂದೊಮ್ಮೆ ಅವನು ಮೇಲಿನವರ ಪಕ್ಷ ಎಂದು ಅಕ್ಕ, ಕೆಳಗಿನವರ ಪಕ್ಷ ಎಂದು ತಂಗಿ ಅವನ ತಲೆ ತಿಂದಿದ್ದರು. ಅವತ್ತೇ ಹೇಳಿಬಿಟ್ಟಿದ್ದ: "ಇಬ್ಬರೂ ಎದುರಿಗೆ ನಿಂತರೆ ಮಾತ್ರ ನಾನು ಪೆಟ್ಟಿಗೆ ಮುಟ್ಟೋದು."

"ನೋಡಿ ಮೇಡಂ," ಎಂದ ಅವನು. "ಇದು ಮೇಲಿನ ಮಹಡಿಯ ಕಂಪ್ಯೂಟರುಗಳನ್ನೆಲ್ಲ ಜೋಡಿಸೋ ಸ್ವಿಚ್ಚು, ಇದು ಕೆಳಗಿಂದು. ಪೆಟ್ಟಿಗೆ ಎರಡು. ಆದ್ರೆ ಸ್ಟ್ಯಾಕ್ ಮಾಡಿದೀನಲ್ಲ, ಒಂದೇ ಪೆಟ್ಟಿಗೆ ಥರ ನಡೀತವೆ. ಒಂದು ಯಜಮಾನ, ಇನ್ನೊಂದು ಜೊತೆಗಾರ. ಇವೆರಡನ್ನ ಕಟ್ಟಿರೋದು ಈ ಎರಡು ಗಿಡ್ಡ ಕೇಬಲ್ಲು. ಎರಡೂ ಹೋದ್ರೆ, ನಾನೇ ಯಜಮಾನ ಅಂತ ಇದೂ ಅನ್ನುತ್ತೆ, ಅದೂ ಅನ್ನುತ್ತೆ. ಮೇಲಿನ ಫೈಲು ಕೆಳಗೆ ಇಳಿಯಲ್ಲ. ಎಲ್ಲ ಹಾಳು."

"ಇದನ್ನ ನಮ್ಮನ್ನ ನೋಡ್ಕೊಂಡು ಹೇಳ್ತಿದೀಯಾ?" ಎಂದಳು ಅಕ್ಕ.

"ಸ್ವಿಚ್ಚನ್ನ ನೋಡ್ಕೊಂಡು ಮೇಡಂ."

ತಂಗಿ ಉಗುರು ನೋಡಿಕೊಳ್ಳುತ್ತಾ ಕೇಳಿದಳು, "ಒಂದೇ ಒಂದು ತೆಗೆದ್ರೆ?"

"ಏನೂ ಆಗಲ್ಲ. ಎಲ್ಲ ಇನ್ನೊಂದರ ಮೇಲೆ ಸುತ್ತಿಕೊಂಡು ಹೋಗುತ್ತೆ. ವರ್ಷಗಟ್ಟಲೆ ಕಾದ್ರೂ ನಿಮಗೆ ಗೊತ್ತೇ ಆಗಲ್ಲ."

ಅಕ್ಕನಿಗೆ ಯಾಕೋ ಕೆಮ್ಮು ಬಂತು.

"ಅದಕ್ಕೇ ಹೇಳ್ತಿರೋದು, ಇದು ವಿಷಯ ತಿಳಿದವರ ಕೆಲಸ," ಎಂದ ಅವನು. "ಎರಡೂ ತೆಗೀಬೇಕು ಅನ್ನೋದು ಗೊತ್ತಿರಬೇಕಲ್ಲ. ಈ ಪ್ರೆಸ್ಸಲ್ಲಿ ಸ್ಟ್ಯಾಕ್ ಅಂದ್ರೇನು ಅಂತ ಕೂತು ಕೇಳಿದವರು ಒಬ್ಬರೇ."

ಮೂರು ತಲೆಗಳೂ ಅಲ್ಪವಿರಾಮದವರ ಕಡೆ ತಿರುಗಿದವು.

"ನಾನು, ಸುಮ್ಮನೆ, ಕೇಳಿದ್ದು," ಎಂದರು ಅವರು. "ಮೊಣಕಾಲು, ಹೋಗಿದೆ, ನಿಜ. ನೀವಿಬ್ಬರೂ, ಎದುರುಬದುರು, ನಿಂತು, ಮಾತಾಡ್ಕೊಳ್ಳಿ, ಅಂತ, ಬೇಡಿಕೊಂಡದ್ದೂ, ನಿಜ. ಕೇಬಲ್ಲು, ಮಾತ್ರ, ಮುಟ್ಟಿಲ್ಲ."

ನೆಟ್‌ವರ್ಕಿನವನು ಮೀಸೆಯಲ್ಲೇ ನಕ್ಕ. ಮುದುಕರ ಉಪಾಯ ಅವನಿಗೆ ಹಿಡಿಸಿತ್ತು.

ಅಲ್ಪವಿರಾಮದವರು ಬೈಗುಳಕ್ಕೆ ಕಣ್ಣು ಮುಚ್ಚಿ ನಿಂತರು. ಬೈಗುಳ ಬರಲಿಲ್ಲ.

"ಪಾಪ, ಬಿಡು," ಎಂದಳು ಅಕ್ಕ.

"ಅವರೇನು ಮಾಡ್ತಾರೆ, ಪಾಪ," ಎಂದಳು ತಂಗಿ.

"ಬೇಕಿದ್ರೆ ಇಲ್ಲೊಂದು ಕ್ಯಾಮೆರಾ ಹಾಕಿಕೊಡ್ತೀನಿ. ಮುಂದಿನ ಸಲ ಯಾರು ಅಂತ ಗೊತ್ತಾಗುತ್ತೆ."

"ಬೇಡ," ಎಂದರು ಇಬ್ಬರೂ, ಅವನ ಮಾತು ಮುಗಿಯುವ ಮೊದಲೇ.

ಅವನು ಕೆಲಸಕ್ಕೆ ಬಗ್ಗಿದ. ಒಂದು ಕೇಬಲ್ಲು ಪೆಟ್ಟಿಗೆಯ ತಲೆಯ ಮೇಲಿತ್ತು. ಅಂದವಾಗಿ ಮಡಚಿ, ರಬ್ಬರ್ ಬ್ಯಾಂಡ್ ಹಾಕಿತ್ತು. ಇನ್ನೊಂದು ನೆಲಕ್ಕೆ ಜೋತಾಡುತ್ತಿತ್ತು. ಎಳೆದ ರಭಸಕ್ಕೆ ಅದರ ಕೊಕ್ಕೆ ಮುರಿದಿತ್ತು. ಆ ಸೌಮ್ಯ ಮುದುಕರಿಗೆ ಇಷ್ಟು ಜೋರು ಎಲ್ಲಿಂದ ಬಂತೋ ಎಂದುಕೊಂಡು, ಚೀಲದಿಂದ ಹೊಸದೊಂದು ತೆಗೆದು ಸಿಕ್ಕಿಸಿದ. ಎರಡೂ ಪೆಟ್ಟಿಗೆಗಳು ಒಮ್ಮೆ ಕಣ್ಣು ಪಿಳುಕಿಸಿ, ಒಂದೇ ತಾಳಕ್ಕೆ ಬಂದವು. ಕೆಳಗೆ ಮಷೀನು ಗಡಗಡ ಶುರುವಾಯಿತು.

"ಹಾಗಾದ್ರೆ ಸೋಮವಾರ ಬಂದು ಬೇರೆ ಮಾಡಿಬಿಡ್ತೀನಿ," ಎಂದ, ಚೀಲ ಹೆಗಲಿಗೇರಿಸಿ.

"ಫೋನ್ ಮಾಡ್ತೀವಿ, ಆಮೇಲೆ ಬಾ," ಎಂದಳು ಅಕ್ಕ.

ಮಾಡ್ತೀವಿ ಎಂದದ್ದು ಕೇಳಿ ತಂಗಿ ತಲೆಯೆತ್ತಿದಳು.

ನೆಟ್‌ವರ್ಕಿನವನು ಅಲ್ಪವಿರಾಮದವರ ಬೆನ್ನು ತಟ್ಟುತ್ತಾ ಅವರನ್ನು ಕೆಳಗೆ ಕರೆದುಕೊಂಡು ಹೋದ. ಮೆಟ್ಟಿಲ ನಡುವೆ ಉಳಿದವರು ಇಬ್ಬರೇ. ಅಕ್ಕ ಮುಂಗೈಯ ರಬ್ಬರ್ ಬ್ಯಾಂಡುಗಳನ್ನು ಎಣಿಸಿದಳು. ಮೂರೇ ಇದ್ದವು.

"ಮೊನ್ನೆ ಅದರಲ್ಲೊಂದನ್ನ ತೆಗೆದಿಟ್ಟು, ಎಲ್ಲ ನಿಂತುಹೋದ್ರೆ ಇವಳು ಇಳಿದು ಬರಲೇಬೇಕಲ್ಲ ಅಂತ ಇಡೀ ದಿನ ಮೆಟ್ಟಿಲು ನೋಡ್ತಾ ಕೂತಿದ್ದೆ ಕಣೇ. ಏನೂ ಆಗಲಿಲ್ಲ."

ತಂಗಿ ಮೆಟ್ಟಿಲ ಮೇಲೆ ಕೂತಳು.

"ಅದಕ್ಕೇನಾ ಅಕ್ಕಾ, ಬೆಳಿಗ್ಗೆ ನಾನು ಒಂದೇ ಒಂದನ್ನ ಎಳೆದ ಕೂಡಲೇ ಎಲ್ಲ ನಿಂತು, ನೀನು ಮೆಟ್ಟಿಲು ಹತ್ತಿ ಬಂದದ್ದು?"