ಬೆಟ್ಟಕ್ಕೆ ಸರ್ವಾನುಮತ

ಸೇತುವೆ ದಾಟಿದ ಮೇಲೆ ಕಾರು ಕಂಪನಿಯ ಕಚೇರಿಯತ್ತ ಎಡಕ್ಕೆ ಹೊರಳಬೇಕಿತ್ತು. ಹೊರಳಲಿಲ್ಲ. ಸಮುದ್ರದ ಕಡೆಗೆ ನೇರ ನಡೆಯಿತು.

ಕಿಜಿಮಾ ಶಿನೊ ಪಕ್ಕದಲ್ಲಿ ಕೂತಿದ್ದವರನ್ನು ಓರೆಗಣ್ಣಿನಿಂದ ನೋಡಿದಳು. ಹಿಯೋದೊರಿ ಪಂಪ್ಸ್ ಕಂಪನಿಯ ಅಧ್ಯಕ್ಷ ಮುರೋಗಾ ತೊಕುಜಿ. ಎಂಬತ್ತರ ಅಂಚಿನ ವಯಸ್ಸು, ಕಡೆದಿಟ್ಟ ಕಲ್ಲಿನಂಥ ಮುಖ. ತೊಯಾಮಾ ನಿಲ್ದಾಣದ ಎದುರು ಕಾರು ನಿಲ್ಲಿಸಿ, ಸಭೆಗೆ ಹೊರಟಿದ್ದ ಅವಳನ್ನು ಅವರೇ ಹತ್ತಿಸಿಕೊಂಡಿದ್ದರು.

"ಮಗಳು ಬ್ಯಾಂಕಲ್ಲಿದ್ದಾಳೆ, ಅಲ್ವಾ?" ಎಂದರು ಮುರೋಗಾ.

"ಹೌದು. ಹೋದ ವಸಂತದಲ್ಲಿ ಸೇರಿಕೊಂಡಳು."

"ನಮ್ಮ ಕಂಪನಿ ಲೆಕ್ಕ ಇರೋ ಬ್ಯಾಂಕು."

"ಹೌದು."

ಗದ್ದೆಗಳ ಮೇಲಿನ ಹಿಮ ಕರಗಿ ಕೆಸರಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಮುರೋಗಾ ನಿಧಾನವಾಗಿ ಅವಳತ್ತ ತಿರುಗಿದರು. "ಮಗಳು ಬ್ಯಾಂಕಲ್ಲಿದ್ದಾಳೆ, ಅಲ್ವಾ?"

ಒಮ್ಮೆ ಕೇಳಿದರೆ ಕುಶಲ. ಎರಡು ಸಲ ಕೇಳಿದರೆ ಅದಕ್ಕೆ ಬೇರೆ ಅರ್ಥ.

ಶೇರುಪೇಟೆಯವರು ಆಡಳಿತ ಮಂಡಳಿಯಲ್ಲಿ ಹೊರಗಿನ ನಿರ್ದೇಶಕರು ಬೇಕೇ ಬೇಕು ಎಂದು ಪಟ್ಟು ಹಿಡಿದಾಗ ಕಂಪನಿ ಅವಳನ್ನು ಕರೆತಂದಿತ್ತು. ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುತ್ತಿದ್ದವಳು. 'ಬೇಡ' ಎನ್ನುವ ಒಂದು ಬಾಯಿ ಮಂಡಳಿಯಲ್ಲಿದ್ದರೆ ಲಾಭವೂ ಬೆಳೆಯುತ್ತದೆ, ಶೇರಿನ ಬೆಲೆಯೂ ಏರುತ್ತದೆ ಎಂದು ಬರೆದು ಹೆಸರಾದವಳು. ಅವಳು ಬಂದಳೆಂಬ ಸುದ್ದಿಗೇ ಶೇರು ಮೇಲೆದ್ದಿತ್ತು. ಆದರೆ ಈವರೆಗೆ ಬೇಡ ಎನ್ನುವ ಪ್ರಸಂಗ ಬಂದಿರಲಿಲ್ಲ.

ಇವತ್ತು ಬಂದಿತ್ತು. ಕಂಪನಿ ಒಂದು ಬೆಟ್ಟ ಕೊಳ್ಳಲಿತ್ತು. ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟದ ಹಳೆಯ ತಾಣ. ಈಚೆಗೆ ಅಲ್ಲಿ ಹಿಮವೇ ನಿಲ್ಲುತ್ತಿರಲಿಲ್ಲ. ಪಂಪು ಮಾಡುವವರಿಗೆ ಬೆಟ್ಟವೇಕೆ? ಒಂದು ತಲೆಮಾರು ದುಡಿದು ಕೂಡಿಟ್ಟದ್ದೆಲ್ಲ ಅದರಲ್ಲಿ ಕರಗಿ ಹೋಗುತ್ತಿತ್ತು. ಬೇಡ ಎನ್ನಲೇಬೇಕೆಂದು ಶಿನೊ ನಿರ್ಧರಿಸಿಕೊಂಡೇ ಮನೆ ಬಿಟ್ಟಿದ್ದಳು. ಇವರಿಗೆ ಅದರ ವಾಸನೆ ಬಡಿದಿದೆಯೇ?

ಕಾರು ನಿಂತಿತು. ಎದುರಿಗೆ ತಂತಿಬೇಲಿ, ಅದರಾಚೆ ಬಟಾಬಯಲು, ಕಡಲಗಾಳಿ. ಒಂದು ನರಪಿಳ್ಳೆಯೂ ಇರಲಿಲ್ಲ. ಮುರೋಗಾ ಇಳಿದರು. ಶಿನೊ ಕೂಡ ಇಳಿಯಬೇಕಾಯಿತು.

"ಇಲ್ಲಿ, ನಮ್ಮ ಹಳೇ ಕಾರ್ಖಾನೇಲಿ, ಆರುನೂರು ಜನ ಇದ್ರು," ಎಂದರು ಅವರು, ಬಯಲನ್ನೇ ದಿಟ್ಟಿಸುತ್ತ. "ಈಗ ಒಬ್ಬರೂ ಇಲ್ಲ, ನೋಡಿ."

ಅವಳು ಚಾಲಕನ ಕಡೆ ನೋಡಿದಳು. ಅವನು ತಕ್ಷಣ ಕಣ್ಣು ತಪ್ಪಿಸಿದ. ಆಮೇಲೆ ಮುದುಕರ ಮೊಣಕೈ ಹಿಡಿದು, "ಸಭೆಗೆ ಹೊತ್ತಾಯ್ತು ಯಜಮಾನ್ರೇ, ಬನ್ನಿ," ಎಂದು ಮೆಲ್ಲಗೆ ಕಾರಿನೊಳಗೆ ಕೂರಿಸಿದ.

ಸಭಾಂಗಣದ ಬಾಗಿಲಲ್ಲಿ ವ್ಯವಸ್ಥಾಪಕ ನಿರ್ದೇಶಕ ಹೋರಿಬೆ ಸಿಕ್ಕಿದ. ಶಿನೊ ಅವನನ್ನು ಪಕ್ಕಕ್ಕೆ ಕರೆದಳು.

"ಈ ಬೆಟ್ಟ ಯಾಕೆ ಹೋರಿಬೆ ಅವರೇ? ಲಾಭ ಎಲ್ಲಿಂದ ಬರತ್ತೆ?"

"ಅಧ್ಯಕ್ಷರು ಹೊಸ ವರ್ಷದ ಊಟದಲ್ಲಿ ಬಾಯಿ ಬಿಟ್ಟು ಹೇಳಿದ್ರು, ಆ ಬೆಟ್ಟ ಬೇಕು ಅಂತ. ಲಾಭ ನಾವು ಹುಡುಕ್ಕೋಬೇಕು."

"ಮತ್ತೆ ಕೇಳಲಿಲ್ವಾ ಅವರನ್ನ?"

ಹೋರಿಬೆ ನಕ್ಕ. ಆದರೆ ಹಣೆಯ ಮೇಲೆ ಬೆವರಿತ್ತು. "ಹಿಂದೆ ಈ ಮಂಡಳೀಲಿ ಕೂತಿದ್ದವರೊಬ್ಬರು ಒಂದೇ ಒಂದ್ಸಲ 'ಯಾಕೆ' ಅಂದ್ರು. ಈಗ ಈ ಊರಲ್ಲಿ ಅವರಿಗೆ ಒಂದು ಲೋಟ ಟೀ ಕೊಡೋರೂ ಇಲ್ಲ. ನಿಮಗೆ ಮಗಳಿದ್ದಾಳೆ ಮೇಡಂ. ಸುಮ್ನೆ ಕೈ ಎತ್ತಿಬಿಡಿ."

ಎಲ್ಲರೂ ಕೂತರು. ಮುರೋಗಾ ಮೇಜಿನ ತುದಿಯಲ್ಲಿ, ಶಿನೊ ಅವರ ಬಲಕ್ಕೆ. ಹೋರಿಬೆ ಪ್ರಸ್ತಾವ ಓದಿದ. ಮುರೋಗಾ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಆ ನೋಟ ಬಿದ್ದವರೆಲ್ಲ ತಲೆ ತಗ್ಗಿಸಿದರು. ಕೊನೆಗೆ ಅದು ಶಿನೊಳ ಮೇಲೆ ಬಂದು ನಿಂತಿತು. ರೆಪ್ಪೆ ಬಡಿಯಲಿಲ್ಲ.

"ಪ್ರಶ್ನೆಗಳಿವೆಯೇ?" ಹೋರಿಬೆ ಕೇಳಿದ.

ಈಗಲೇ ಹೇಳಬೇಕು. ಶಿನೊ ಬಾಯಿ ತೆರೆದಳು. ಮಗಳ ಮುಖ ಕಣ್ಣಮುಂದೆ ಬಂತು. ಕಡಲಂಚಿನ ಆ ಬಯಲೂ ಬಂತು. ಬಾಯಿ ಮುಚ್ಚಿದಳು.

"ಒಪ್ಪುವವರು ಕೈ ಎತ್ತಿ."

ಹೋರಿಬೆಯ ಕೈ ಮೊದಲು ಎದ್ದಿತು. ಹಿಂದೆಯೇ ಉಳಿದವರವು. ಮುರೋಗಾ ಸುತ್ತಲೂ ಕಣ್ಣಾಡಿಸಿ, ಎಲ್ಲ ಕೈಗಳನ್ನೂ ನೋಡಿ, ಆಮೇಲೆ ತಮ್ಮದನ್ನೂ ಎತ್ತಿದರು. ಉಳಿದದ್ದು ಶಿನೊಳ ಕೈ. ಅದಿನ್ನೂ ಮೇಜಿನ ಕೆಳಗಿತ್ತು. ಅದು ತನ್ನದೇ ಅಲ್ಲವೇನೋ ಎಂಬಂತೆ, ತಾನಾಗಿಯೇ ಮೇಲೆದ್ದಿತು.

"ಸರ್ವಾನುಮತ," ಎಂದ ಹೋರಿಬೆ. ಚಪ್ಪಾಳೆ ಬಿತ್ತು. ಸುದ್ದಿ ಶೇರುಪೇಟೆಗೆ ಹೋಯಿತು. ಎಲ್ಲರೂ ಇನ್ನೂ ಟೀ ಕುಡಿಯುತ್ತಿದ್ದಾಗಲೇ ಶೇರು ಕುಸಿಯತೊಡಗಿತ್ತು. ಯಾರದೋ ಫೋನು ಗುಂಯ್ಗುಟ್ಟಿತು, ಇನ್ನೊಬ್ಬರದು, ಮತ್ತೊಬ್ಬರದು. ಯಾರೂ ತೆಗೆದು ನೋಡಲಿಲ್ಲ. ಎಲ್ಲರೂ ಎದ್ದು, ಅಧ್ಯಕ್ಷರಿಗೆ ಸೊಂಟ ಬಾಗಿಸಿ ನಮಿಸಿ, ಹೊರನಡೆದರು.

ಶಿನೊ ಕೂಡ ಏಳುತ್ತಿದ್ದಳು. ಅವಳ ತೋಳನ್ನು ಒಂದು ಕೈ ಗಟ್ಟಿಯಾಗಿ ಹಿಡಿಯಿತು. ತನ್ನ ಕೈ ತಡವಾಗಿ ಎದ್ದದ್ದನ್ನು ಕಂಡಿದ್ದಾರೆ. ಇನ್ನು ಮುಗಿಯಿತು.

ಮುರೋಗಾ ಬಾಗಿಲತ್ತ ಒಮ್ಮೆ ನೋಡಿ, ಹತ್ತಿರ ಸರಿದರು.

"ಅಮ್ಮಾ, ನೀವ್ಯಾರೋ ಗೊತ್ತಿಲ್ಲ, ಒಳ್ಳೆಯವರ ಹಾಗೆ ಕಾಣ್ತೀರಿ," ಎಂದು ಪಿಸುಗುಟ್ಟಿದರು. "ಈಗ ನಾವೆಲ್ಲ ಕೈ ಎತ್ತಿದ್ದು ಯಾಕೆ?"