ಮುಟ್ಟಿದ ಕುದುರೆ

ಸತ್ತವರನ್ನು ಮಾತಾಡಿಸುವ ಪೆಟ್ಟಿಗೆ ಕಾಲೇಜುಗಳಿಗೆ ಬಂದ ಮೇಲೆ, ತರಗತಿಗೆ ಯಾರನ್ನಾದರೂ ಕರೆಸುವುದು ಹಾಜರಿ ಕೂಗಿದಷ್ಟೇ ಮಾಮೂಲು. ಆ ದಿನ ಪ್ರೊಫೆಸರ್ ತ್ರಿಲೋಚನರು ಕರೆಸಿದ್ದು ಮಾದಪ್ಪಶೆಟ್ಟರನ್ನು. ನಂಜನಗೂಡಿನ ಹಳೆಯ ಚದುರಂಗ ಪಂದ್ಯಾವಳಿಯ ಫೈನಲ್‌ನಲ್ಲಿ ಸೋತವರು. ಗೆದ್ದ ಪುಟ್ಟಸ್ವಾಮಯ್ಯನ ಕುದುರೆ ನಡೆಯ ಮೇಲೆ ಪ್ರೊಫೆಸರು ಮೂರು ಪುಸ್ತಕ ಬರೆದಿದ್ದರು. ಅವರಿಗೆ ಆಡಲು ಅಷ್ಟಾಗಿ ಬರುತ್ತಿರಲಿಲ್ಲ, ಬರೆಯಲು ಬರುತ್ತಿತ್ತು.

“ಪುಟ್ಟಸ್ವಾಮಯ್ಯನವರು ಶುರುವಿನಲ್ಲೇ ಕುದುರೆಯನ್ನು ಹಲಗೆಯ ಅಂಚಿಗೆ ನಡೆಸಿದರಲ್ಲ, ಅದಕ್ಕೆ ಮೊದಲು ಅರ್ಧ ಗಂಟೆ ಧ್ಯಾನಸ್ಥರಾಗಿದ್ದರಂತೆ. ನೀವು ಕಂಡಿದ್ದನ್ನ ಈ ವಿದ್ಯಾರ್ಥಿಗಳಿಗೆ ಹೇಳಿ,” ಎಂದರು ಪ್ರೊಫೆಸರು.

ಪೆಟ್ಟಿಗೆಯೊಳಗಿಂದ ಶೆಟ್ಟರು ನಕ್ಕರು. “ಧ್ಯಾನಾನೂ ಇಲ್ಲ, ಮಣ್ಣಾಂಗಟ್ಟಿನೂ ಇಲ್ಲ. ಕಾಫಿ ಲೋಟಕ್ಕೆ ಕೈ ಚಾಚ್ದ, ಜುಬ್ಬದ ತೋಳು ಕುದುರೆಗೆ ತಗುಲ್ತು. ಮುಟ್ಟಿದ ಕಾಯಿ ನಡೆಸ್ಲೇಬೇಕು ಅಂತ ನಾನು ಪಟ್ಟು ಹಿಡ್ದೆ. ಅರ್ಧ ಗಂಟೆ ‘ಬಿಟ್ಬಿಡಿ ಶೆಟ್ರೇ’ ಅಂತ ಗೋಗರೆದ. ಬಿಡ್ಲಿಲ್ಲ. ಆ ಕುದುರೆ ಹೋಗೋಕೆ ಇದ್ದಿದ್ದು ಅದೊಂದೇ ಮನೆ. ಹಾಳಾದ್ದು, ಅದೇ ನಡೆಯಿಂದ್ಲೇ ಕೊನೆಗೆ ನಾನು ಸೋತೆ. ಇದಕ್ಕೆ ಮೂರು ಪುಸ್ತಕ ಬರೆದ್ರಾ?”

ವಿದ್ಯಾರ್ಥಿಗಳು ಕಿಸಕ್ಕೆಂದರು.

“ಸೋತವರ ಹೊಟ್ಟೆಯುರಿ ಸತ್ತರೂ ಆರಲ್ಲ ನೋಡಿ,” ಎಂದು ಪ್ರೊಫೆಸರು ಪೆಟ್ಟಿಗೆಯನ್ನು ಆರಿಸಲು, ಪಾಠಕ್ಕೆಂದು ಮೇಜಿನ ಮೇಲೆ ಜೋಡಿಸಿಟ್ಟಿದ್ದ ಚದುರಂಗದ ಹಲಗೆಯ ಮೇಲಿಂದ ಕೈ ಚಾಚಿದರು. ಕೋಟಿನ ತೋಳು ತಗುಲಿ ಒಂದು ಕಾಯಿ ಟಕ್ಕೆಂದು ಉರುಳಿತು.

“ಯಾವ ಕಾಯಿ ಸಾರ್ ಅದು?” ಶೆಟ್ಟರ ದನಿ ಬಂತು. “ಯಾವುದಾದ್ರೂ ಸರಿ, ಮುಟ್ಟಿದ್ರಲ್ಲ, ನಡೆಸಿ. ನಾಲ್ಕನೇ ಪುಸ್ತಕಕ್ಕಾಯ್ತು.”