ಒಂಬತ್ತರಲ್ಲಿದ್ದ ವಾಲ್ಯೂಮು

ವಾಲ್ಯೂಮು ಒಂಬತ್ತರಲ್ಲಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಪ್ರೂಫ್ ರೀಡರ್ ಅದನ್ನು ಮೂರರಲ್ಲಿ ಬಿಟ್ಟು ಹೋಗಿದ್ದ.

ಹೆಗಲ ಚೀಲವನ್ನೂ ಇಳಿಸದೆ ಅವನು ಆಂಪ್ಲಿಫೈಯರ್ ಮುಂದೆ ಕುಕ್ಕರಗಾಲಲ್ಲಿ ಕೂತ. ಗುಡುಗುವ ಬಾಸ್ ಪೂರ್ತಿ ಮೇಲೆ, ಕಿವಿ ಕೊರೆಯುವ ಟ್ರೆಬಲ್ ಸೊನ್ನೆ. ತಲೆ ನೆಟ್ಟಗಿರುವವರು ಯಾರೂ ಹಾಗಿಟ್ಟು ಕೇಳುವುದಿಲ್ಲ. ಕೇಳುವವನೊಬ್ಬನಿದ್ದ, ಅವನ ಅಣ್ಣ.

ಇಪ್ಪತ್ತಾರು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದಿದ ಕಣ್ಣು ಅದು. ಒಂದು ಒತ್ತಕ್ಷರ ಜಾರಿದರೂ ಹಿಡಿಯುತ್ತಿತ್ತು. ಕಪಾಟಿನಲ್ಲಿದ್ದ ಇನ್ನೂರ ಹನ್ನೆರಡು ರಾಕ್, ಮೆಟಲ್ ಎಲ್‌ಪಿಗಳೂ ಅವನಿಗೆ ಪುಟಗಳಿದ್ದಂತೆ, ಇಸವಿ ಪ್ರಕಾರ ಸಾಲಾಗಿ, ಕವರಿನ ಬಾಯಿ ಒಳಮುಖವಾಗಿ. ಈ ವರ್ಷದಿಂದ ಎಲ್ಲವನ್ನೂ ಮೊದಲಿನಿಂದ ಮತ್ತೆ ಕೇಳುತ್ತಿದ್ದ. ಭಾನುವಾರಕ್ಕೊಂದು. ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ: 'ಹದಿನೆಂಟರ ಹರೆಯದಲ್ಲಿ ಬೆಂಕಿ ಅನಿಸಿದ್ದು, ಈಗ ಬರೀ ಹೊಗೆ.' ಇನ್ನೂ ಇಪ್ಪತ್ತನಾಲ್ಕನೆಯದಕ್ಕೆ ಬಂದಿದ್ದ. ಆದರೆ ನೂರಾ ನಲವತ್ತನೆಯದು, ಕವರಿನ ಮೇಲೆ ಸುತ್ತಿಗೆಯ ಚಿತ್ರವಿದ್ದದ್ದು, ಬಾಯಿ ಹೊರಗೆ ಮಾಡಿಕೊಂಡು ನಿಂತಿತ್ತು.

ಅದು ಅಣ್ಣನ ಪ್ರಾಣ. ಎರಡೂ ಕಾಲಲ್ಲಿ ಡ್ರಮ್ ಒದೆಯುವ, ಎದೆಗೂಡು ನಡುಗಿಸುವ ರೆಕಾರ್ಡು. ಅಣ್ಣ ತಮ್ಮ ಸೇರಿ ಕೊಂಡಿದ್ದು. ಅದರ ಮೇಲೆ ಬಿದ್ದ ಒಂದು ಗೀರಿನ ಸಲುವಾಗಿ ಮಾತು ನಿಂತು ನಾಲ್ಕು ವರ್ಷ. ಅಣ್ಣನ ಮನೆ ಎರಡೇ ಬೀದಿ ಆಚೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬಂದದ್ದೇ ಗೊತ್ತಾಗಲಿಲ್ಲ. ಇತ್ತೀಚೆಗೆ ಮನೆಯೊಳಗಿನ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡುತ್ತಿದ್ದಳು. ಸದ್ದಾಗಬಾರದು ಅಂತಲೇ ಇರಬೇಕು!

"ಯಾರಾದ್ರೂ ಬಂದಿದ್ರಾ?"

ಅವಳು ಅವನ ಮುಖವನ್ನೇ ದಿಟ್ಟಿಸಿದಳು. "ಇಲ್ವಲ್ಲ. ಯಾರು ಬರ್ತಾರೆ?"

ಈ ದಿಟ್ಟಿಸುವುದೂ ಹೊಸದು. ಮೊದಲಾದರೆ ಒಗ್ಗರಣೆ ಕಡೆ ನೋಡುತ್ತಲೇ ಉತ್ತರ ಕೊಡುತ್ತಿದ್ದಳು. ಈಗ ಸಿಕ್ಕಿಬೀಳುವ ಭಯವಿದ್ದವರ ಹಾಗೆ ಕಣ್ಣು ಕೀಳುವುದೇ ಇಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಭಾನುವಾರ ಅವನು ಬೇಕೆಂದೇ ವಾಲ್ಯೂಮು ಆರಕ್ಕೇರಿಸಿದ. ಮೊದಲೆಲ್ಲ ನಾಲ್ಕು ದಾಟಿದರೆ ಸಾಕು, ಅಡುಗೆಮನೆಯಿಂದ ಕೂಗು ಬರುತ್ತಿತ್ತು: "ಏನ್ರೀ ಅದು, ಪಾತ್ರೆ ಅಂಗಡಿಗೆ ಲಾರಿ ನುಗ್ಗಿದ ಹಾಗೆ!" ಈಗ ಚಕಾರವಿಲ್ಲ. ಬೈಯುವಷ್ಟು ಪ್ರೀತಿಯೂ ಉಳಿದಿಲ್ಲವೇ?

ಊಟಕ್ಕೆ ಕೂತಾಗ ಅವಳ ಅಪ್ಪನ ವಿಷಯ ತೆಗೆದ. "ಮಾವ ಯಾವಾಗ ಬರ್ತಾರಂತೆ?"

ಅವಳ ಕೈಯ ಸೌಟು ನಿಂತಿತು. "ಭಾವನಾ? ಅವರು ಯಾಕೆ ಬರ್ತಾರೆ ಇಲ್ಲಿಗೆ!"

ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಕೇಳಿದ್ದು ಅವಳ ಅಪ್ಪನನ್ನು. ಬಾಯಿಗೆ ಬಂದದ್ದು ಅವನ ಅಣ್ಣ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಒಂದೇ ಅಕ್ಷರದ ವ್ಯತ್ಯಾಸ. ಅಂಥ ಅಕ್ಷರ ಹಿಡಿಯುವುದೇ ಅವನ ಅನ್ನ.

"ಈ ರೆಕಾರ್ಡೆಲ್ಲ ಯಾರಿಗಾದ್ರೂ ಕೊಟ್ಬಿಡೋಣ ಅಂತಿದೀನಿ" ಎಂದ, ಅವಳ ಮುಖ ನೋಡುತ್ತ.

"ಬೇಡ!" ಅಂದಳು. ಕಣ್ಣು ತುಂಬಿತ್ತು. "ಬೇಡ ರೀ. ಇರ್ಲಿ."

ಇಷ್ಟು ವರ್ಷ ಅವನ್ನು ಸವತಿ ಎಂದು ಕರೆದವಳು!

ಎದುರು ಮನೆಯ ದರ್ಜಿ ಮರುದಿನ ಈ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದ. "ನಿಮ್ಮ ಮನೆಯವರು ಮಧ್ಯಾಹ್ನ ಕಿಟಕಿ ಬಿಟ್ಟು ಏಳೋದೇ ಇಲ್ಲ ಸಾರ್, ಗೇಟನ್ನೇ ನೋಡ್ತಾ ಕೂತಿರ್ತಾರೆ. ಬೆಲ್ ಹಾಳಾಗಿದೆಯಾ?"

ಬೆಲ್ ಚೆನ್ನಾಗಿಯೇ ಇತ್ತು. ಹಾಗಾದರೆ ಯಾರ ದಾರಿ ಕಾಯುತ್ತಾಳೆ?

ಬುಧವಾರ ಅರ್ಧ ದಿನ ರಜೆ ಹಾಕಿ ಬಂದ. ಬೀದಿಯ ತಿರುವಿನಲ್ಲೇ ಡ್ರಮ್ ಕೇಳಿಸಿತು. ಕಿಟಕಿಯಲ್ಲಿ ಅವಳಿಲ್ಲ. ಅಂದರೆ ಬರಬೇಕಾದವನು ಬಂದಾಗಿದೆ. ಬೀಗದ ಕೈ ತಿರುಗಿಸಿದ. ಅಣ್ಣ ಸಿಕ್ಕರೆ ಕೊರಳಪಟ್ಟಿ ಹಿಡಿಯುವುದೋ, ಕಾಲು ಹಿಡಿದು ಇವಳನ್ನು ಬಿಟ್ಟುಬಿಡು ಅನ್ನುವುದೋ, ಅದೂ ಅವನಿಗೆ ಗೊತ್ತಿರಲಿಲ್ಲ.

"ಎಲ್ಲಿ ಅವನು?" ಎಂದು ಕಿರುಚುತ್ತಲೇ ನುಗ್ಗಿದ.

ಕೋಣೆಯಲ್ಲಿ ಅವಳೊಬ್ಬಳೇ. ಮರದ ನೆಲದ ಮೇಲೆ, ಅವನಿಗೆ ಬೆನ್ನು ಹಾಕಿ, ಸ್ಪೀಕರನ್ನು ಮಗುವಿನ ಹಾಗೆ ತಬ್ಬಿ ಕೂತಿದ್ದಳು. ಅದರ ಬಟ್ಟೆಗೆ ಕೆನ್ನೆ, ಎರಡೂ ಬದಿಗೆ ಅಗಲಿಸಿದ ಅಂಗೈ. ಬರಿಗಾಲ ಹೆಬ್ಬೆರಳು ಡ್ರಮ್ಮಿನ ಜೊತೆ ಕುಣಿಯುತ್ತಿತ್ತು.

"ಕೇಳಿಸ್ತಿಲ್ವಾ? ಎಲ್ಲಿ ಅಂದೆ!"

ಅವಳು ತಿರುಗಲಿಲ್ಲ. ಅವನು ಹೋಗಿ ರೆಕಾರ್ಡಿನ ಮೇಲಿಂದ ಮುಳ್ಳನ್ನು ಎತ್ತಿದ. ಮನೆ ನಿಶ್ಶಬ್ದವಾಯಿತು. ಅವಳು ಅಂಗೈಯನ್ನು ಸ್ಪೀಕರಿಗೆ ಇನ್ನಷ್ಟು ಒತ್ತಿದಳು. ಆಮೇಲೆ ಕಣ್ಣು ತೆರೆದಳು, ಅವನನ್ನು ಕಂಡಳು, ಬೆಚ್ಚಿದಳು. ನೋಟ ನೇರ ಅವನ ತುಟಿಗೆ ಹೋಯಿತು.

ಪ್ರೂಫ್ ರೀಡರ್ ತನ್ನ ತುಟಿ ಮುಟ್ಟಿಕೊಂಡ. ಮಾವ. ಭಾವ. ಎರಡಕ್ಕೂ ಅವು ಒಂದೇ ತರಹ ಮುಚ್ಚಿ ತೆರೆದವು.

ಅವನು ಅವಳ ಎದುರಿಗೆ ಕುಸಿದು ಕೂತ. ಉಸಿರೂ ಹೊರಡದಂತೆ, ದನಿಯೇ ಇಲ್ಲದೆ, ಬರೀ ತುಟಿ ಆಡಿಸಿ ಕೇಳಿದ: ಎಷ್ಟು ದಿನ ಆಯ್ತು?

"ಆರು ತಿಂಗಳು" ಎಂದಳು ಅವಳು. "ಹೇಳಿದ್ರೆ ಪಾಪ ಅಂತ ನೀವು ರೆಕಾರ್ಡು ಹಾಕೋದೇ ಬಿಡ್ತಿದ್ರಿ. ನನಗೀಗ ಕೇಳ್ಸೋದು ಇದೊಂದೇ ರೀ."